ಗುಬ್ಬಿ ವೀರಣ್ಣ

ಗುಬ್ಬಿ ಹಂಪಣ್ಣ ವೀರಣ್ಣ (1891 – 1972) ಕನ್ನಡ ವೃತ್ತಿರಂಗಭೂಮಿಯ ಹೆಸರಾಂತ ನಟರು, ನಾಟಕ ಕಂಪನಿಯ ಒಡೆಯರು ಮತ್ತು ಕನ್ನಡ ಚಲನಚಿತ್ರರಂಗದ ಆರಂಭಕಾಲದ ನಿರ್ಮಾಪಕರಲ್ಲಿ ಒಬ್ಬರು. ತುಮಕೂರು ಜಿಲ್ಲೆಯ ಗುಬ್ಬಿ ಎಂಬ ಸಣ್ಣ ಪಟ್ಟಣದಲ್ಲಿ ಹುಟ್ಟಿದ ನಾಟಕ ಮಂಡಳಿಯೊಂದನ್ನು ದಕ್ಷಿಣ ಭಾರತದಾದ್ಯಂತ ಪ್ರಸಿದ್ಧಿಗೆ ತಂದ ಕೀರ್ತಿ ಇವರದು. ಆ ಮಂಡಳಿಯ ಕಲಾವಿದರನ್ನೂ ಸಂಪಾದನೆಯನ್ನೂ ನೆಚ್ಚಿಕೊಂಡು ಇವರು ಮೂಕಿಚಿತ್ರಗಳ ಕಾಲದಿಂದ 1950ರ ದಶಕದವರೆಗೆ ಕನ್ನಡ ಚಿತ್ರಗಳ ನಿರ್ಮಾಣದಲ್ಲಿ ತೊಡಗಿದ್ದರು. 1954ರಲ್ಲಿ ತೆರೆಕಂಡ ಬೇಡರ ಕಣ್ಣಪ್ಪ ಇವರ ಸಂಸ್ಥೆಯ ಹೆಸರಿನಲ್ಲಿ ಬಂದ ಚಿತ್ರ. ರಾಜಕುಮಾರ್ ಅವರು ನಾಯಕನಟರಾಗಿ ಕಾಣಿಸಿಕೊಂಡ ಮೊದಲ ಚಿತ್ರವೂ ಅದೇ.

ಹುಟ್ಟೂರು ಮತ್ತು ಪರಿಸರ

ಗುಬ್ಬಿಯು ಬೆಂಗಳೂರು – ತುಮಕೂರು – ಅರಸೀಕೆರೆ ರೈಲುಮಾರ್ಗದಲ್ಲಿರುವ ತಾಲ್ಲೂಕು ಕೇಂದ್ರ. ಹಾಗಲವಾಡಿ, ಚೇಳೂರು, ನಿಟ್ಟೂರು, ಕಡಬ ಮುಂತಾದ ಹೋಬಳಿಗಳು ಈ ತಾಲ್ಲೂಕಿಗೆ ಸೇರಿವೆ. ಇವುಗಳಲ್ಲಿ ಹಾಗಲವಾಡಿಯು ಹಿಂದೆ ಪಾಳೆಯಗಾರರ ರಾಜಧಾನಿಯಾಗಿತ್ತು. ತೆಂಗು, ಅಡಿಕೆ ಮತ್ತು ರಾಗಿ ಈ ಸೀಮೆಯ ಮುಖ್ಯ ಬೆಳೆಗಳು. 16ನೆಯ ಶತಮಾನದ ವೀರಶೈವ ಕವಿ ಗುಬ್ಬಿಯ ಮಲ್ಲಣಾರ್ಯನಿಂದಾಗಿ ಊರಿನ ಹೆಸರು ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ಮೊದಲೇ ದಾಖಲಾಗಿತ್ತು. ಊರಿನ ಆರಾಧ್ಯ ದೈವ ಚನ್ನಬಸವೇಶ್ವರ.

1884ರಲ್ಲಿ ಊರಿನ ಕಲಾಸಕ್ತರು ಕೂಡಿ ಗುಬ್ಬಿಯಲ್ಲಿ ನಾಟಕ ಮಂಡಳಿಯೊಂದನ್ನು ಕಟ್ಟಿದರು. ಚಂದಣ್ಣ, ಅಬ್ದುಲ್ ಅಜೀಜ್ ಸಾಹೇಬ್ ಮೊದಲಾದವರು ಇದರ ಸ್ಥಾಪಕರು. ಬೇರೆ ಬೇರೆ ಮತಗಳಿಗೆ ಸೇರಿದ ಊರಿನ ಜನ ಒಟ್ಟಾಗಿ ಕಟ್ಟಿದ ಈ ಮಂಡಳಿಗೆ ಊರ ದೇವರ ಹೆಸರನ್ನೇ ಇಡಲಾಯಿತು. ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ ಎಂಬ ಹೆಸರು ಜನರ ಬಾಯಲ್ಲಿ ಕ್ರಮೇಣ ಗುಬ್ಬಿ ಕಂಪನಿ ಎಂದಾಯಿತು. ಕಂಪನಿಯು ಊರೂರು ತಿರುಗತೊಡಗಿದ ಮೇಲೆ, ಗುಬ್ಬಿಯನ್ನು ಕಾಣದವರೂ ಆ ಹೆಸರನ್ನು ಅರಿತರು.

ಬಾಲ್ಯ ಮತ್ತು ರಂಗಪ್ರವೇಶ

ವೀರಣ್ಣನವರ ತಂದೆಯ ಹೆಸರು ಹಂಪಣ್ಣ. 1896ರ ಸುಮಾರಿಗೆ, ಇನ್ನೂ ಐದಾರು ವರ್ಷದ ಬಾಲಕನಾಗಿದ್ದಾಗಲೇ ವೀರಣ್ಣನವರು ಕಂಪನಿಯನ್ನು ಸೇರಿದರು. ಆ ಕಾಲದಲ್ಲಿ ನಾಟಕ ಕಂಪನಿಯೆಂದರೆ ಮಕ್ಕಳ ಪಾಲಿಗೆ ಗುರುಕುಲವಿದ್ದಂತೆ. ಹಾಡುಗಾರಿಕೆ, ಮಾತಿನ ಸ್ಪಷ್ಟತೆ, ಹೆಜ್ಜೆಗಾರಿಕೆ, ಬಣ್ಣ ಹಚ್ಚುವ ಕೆಲಸ, ಪರದೆ ಎಳೆಯುವ ಕೆಲಸ ಎಲ್ಲವನ್ನೂ ಮಕ್ಕಳು ದಿನನಿತ್ಯದ ದುಡಿಮೆಯ ನಡುವೆಯೇ ಕಲಿಯಬೇಕಾಗಿತ್ತು. ವೀರಣ್ಣನವರ ವಿದ್ಯಾಭ್ಯಾಸವೆಲ್ಲ ಬಹುಮಟ್ಟಿಗೆ ಈ ಪಾಠಶಾಲೆಯಲ್ಲೇ ನಡೆಯಿತು.

ಬಾಲಪಾತ್ರಗಳಿಂದ ಆರಂಭಿಸಿದ ಅವರು ಬೆಳೆದಂತೆ ಹಾಸ್ಯನಟರಾಗಿ ಹೆಸರು ಗಳಿಸಿದರು. ಹಾಸ್ಯವನ್ನು ಕಥೆಗೆ ಹೊರಗಿನ ತುಣುಕಾಗಿ ಬಿಡದೆ, ಪಾತ್ರದ ಸ್ವಭಾವದಿಂದಲೇ ಹುಟ್ಟುವಂತೆ ಅಭಿನಯಿಸುವುದು ಅವರ ವಿಶೇಷವಾಗಿತ್ತು. ಸದಾರಮೆ ನಾಟಕದಲ್ಲಿ ಅವರು ವಹಿಸುತ್ತಿದ್ದ ಕಳ್ಳನ ಪಾತ್ರವು ದಶಕಗಳ ಕಾಲ ಪ್ರೇಕ್ಷಕರನ್ನು ಸೆಳೆಯಿತು. ಕಳ್ಳನ ದೃಶ್ಯವನ್ನು ನೋಡಲೆಂದೇ ಜನರು ಮತ್ತೆ ಮತ್ತೆ ಬರುತ್ತಿದ್ದರು. ಗುಬ್ಬಿ ಕಂಪನಿಗೆ ನಾಟಕಗಳನ್ನು ಬರೆದುಕೊಟ್ಟ ಬೆಳ್ಳಾವೆ ನರಹರಿಶಾಸ್ತ್ರಿಗಳು ತುಮಕೂರು ತಾಲ್ಲೂಕಿನ ಬೆಳ್ಳಾವೆಯವರು. ಹೀಗೆ ಕಂಪನಿ, ನಟ, ಕವಿ ಮೂವರೂ ಒಂದೇ ಸೀಮೆಯವರಾಗಿದ್ದರು.

ಕಂಪನಿಯ ಒಡೆತನ

1917ರಲ್ಲಿ ಕಂಪನಿಯ ಒಡೆತನ ವೀರಣ್ಣನವರ ಕೈಗೆ ಬಂದಿತು. ಆಗ ಅವರಿಗೆ ಸುಮಾರು 26 ವರ್ಷ. ಬಾಲನಟನಾಗಿ ಸೇರಿದ ಮನೆಗೇ ಯಜಮಾನರಾದ ಅವರು ಕಂಪನಿಯನ್ನು ಸಂಪೂರ್ಣವಾಗಿ ಪುನರ್ರಚಿಸಿದರು. ನಟರು, ಹಿಮ್ಮೇಳದವರು, ಪರದೆ ಬರೆಯುವ ಚಿತ್ರಕಾರರು, ಬಡಗಿಗಳು, ದರ್ಜಿಗಳು, ಅಡುಗೆಯವರು ಮತ್ತು ಅವರ ಕುಟುಂಬಗಳು ಸೇರಿ ಕಂಪನಿಯು ಸಂಚಾರಿ ಊರಿನಂತೆಯೇ ಇತ್ತು. ಒಂದು ಊರಿನಲ್ಲಿ ಮೊಕ್ಕಾಂ ಮುಗಿದ ಬಳಿಕ ಸಾಮಾನುಗಳೊಂದಿಗೆ ಇಡೀ ಸಂಸಾರ ಮುಂದಿನ ಊರಿಗೆ ಹೊರಡುತ್ತಿತ್ತು. ದಿನದ ಟಿಕೆಟ್ ಹಣವೇ ಇಷ್ಟು ಜನರ ಅನ್ನ, ಬಟ್ಟೆ ಮತ್ತು ಸಂಬಳಕ್ಕೆ ಆಧಾರ.

ಸ್ತ್ರೀಪಾತ್ರಗಳನ್ನು ಪುರುಷರೇ ವಹಿಸುತ್ತಿದ್ದ ಕಾಲದಲ್ಲಿ ವೀರಣ್ಣನವರು ಸ್ತ್ರೀಯರನ್ನು ರಂಗದ ಮೇಲೆ ತಂದರು. ಸುಂದರಮ್ಮ, ಭದ್ರಮ್ಮ, ಬಿ. ಜಯಮ್ಮ ಮೊದಲಾದ ನಟಿಯರು ಕಂಪನಿಯ ಮೂಲಕ ಪ್ರಸಿದ್ಧಿಗೆ ಬಂದರು. ಕಂಪನಿಯು ಕನ್ನಡದ ಜೊತೆಗೆ ತೆಲುಗು ಮತ್ತು ತಮಿಳು ನಾಟಕಗಳನ್ನೂ ಆಡುತ್ತಿತ್ತು. ಇದರಿಂದ ಮೈಸೂರು ಸಂಸ್ಥಾನದ ಹೊರಗೂ ಕಂಪನಿಗೆ ಪ್ರೇಕ್ಷಕರಿದ್ದರು.

ರಂಗಪ್ರಯೋಗಗಳು

ರಂಗಸಜ್ಜಿಕೆಯ ವೈಭವಕ್ಕೆ ಗುಬ್ಬಿ ಕಂಪನಿ ಹೆಸರಾಗಿತ್ತು. ವಿದ್ಯುದ್ದೀಪ, ಯಂತ್ರಗಳಿಂದ ಚಲಿಸುವ ದೃಶ್ಯಗಳು ಮತ್ತು ಕಣ್ಣೆದುರೇ ಬದಲಾಗುವ ಸೀನರಿಗಳನ್ನು ವೀರಣ್ಣನವರು ಹಣ ಸುರಿದು ಸಿದ್ಧಪಡಿಸುತ್ತಿದ್ದರು. 1934ರಲ್ಲಿ ಪ್ರದರ್ಶನಗೊಂಡ ಕುರುಕ್ಷೇತ್ರ ನಾಟಕದಲ್ಲಿ ನಿಜವಾದ ಆನೆ, ಕುದುರೆ ಮತ್ತು ರಥಗಳನ್ನು ಬಳಸಲಾಯಿತು. ಕನ್ನಡ ರಂಗಭೂಮಿಯ ಇತಿಹಾಸದಲ್ಲಿ ಈ ಪ್ರಯೋಗಕ್ಕೆ ವಿಶೇಷ ಸ್ಥಾನವಿದೆ. ದಶಾವತಾರ ಕಂಪನಿಯ ಮತ್ತೊಂದು ಜನಪ್ರಿಯ ನಾಟಕ.

ಈ ವೈಭವದ ಹಿಂದೆ ಕಾಲದ ಒತ್ತಡವೂ ಇತ್ತು. 1930ರ ದಶಕದಲ್ಲಿ ಸಿನಿಮಾ ಪಟ್ಟಣಗಳಿಗೆ ಬರತೊಡಗಿದಾಗ ನಾಟಕದ ಪ್ರೇಕ್ಷಕರು ಆ ಕಡೆಗೆ ಹರಿದರು. ತೆರೆಯ ಮೇಲೆ ಅರಮನೆ, ಕಾಡು, ಯುದ್ಧಭೂಮಿಗಳನ್ನು ಕಂಡ ಕಣ್ಣಿಗೆ ಬರೆದ ಪರದೆ ಸಾಲದಾಯಿತು. ಇದರ ಮುಂದೆ ಅನೇಕ ಕಂಪನಿಗಳು ಕ್ಷೀಣಿಸಿದವು. ವೀರಣ್ಣನವರು ಎರಡು ದಾರಿಗಳನ್ನು ಹಿಡಿದರು. ರಂಗವನ್ನು ಮತ್ತಷ್ಟು ವಿಸ್ತಾರಗೊಳಿಸುವುದು ಒಂದು, ಸಿನಿಮಾವನ್ನು ತಮ್ಮ ಮಂಡಳಿಯಿಂದಲೇ ತಯಾರಿಸುವುದು ಮತ್ತೊಂದು. ನಾಟಕ ಮತ್ತು ಸಿನಿಮಾ ಪ್ರದರ್ಶನಕ್ಕೆಂದು ಅವರು ಚಿತ್ರಮಂದಿರಗಳನ್ನೂ ಕಟ್ಟಿಸಿದರು.

ಚಲನಚಿತ್ರ ನಿರ್ಮಾಣ

ಮೂಕಿಚಿತ್ರಗಳು

ವೀರಣ್ಣನವರು 1930ರ ಸುಮಾರಿಗೆ ಬೆಂಗಳೂರಿನಲ್ಲಿ ಚಿತ್ರನಿರ್ಮಾಣ ಸಂಸ್ಥೆಯೊಂದನ್ನು ಆರಂಭಿಸಿದರು. ಬೆಲ್ಜಿಯಂ ದೇಶದ ರಫೇಲ್ ಅಲ್ಗೋಯೆ ನಿರ್ದೇಶಿಸಿದ ಹಿಸ್ ಲವ್ ಅಫೇರ್ (1931) ಮತ್ತು ವೈ. ವಿ. ರಾವ್ ನಿರ್ದೇಶಿಸಿದ ಹರಿಮಾಯಾ (1932) ಈ ಅವಧಿಯ ಮೂಕಿಚಿತ್ರಗಳು. ಹಿಸ್ ಲವ್ ಅಫೇರ್ ಚಿತ್ರದಲ್ಲಿ ವೀರಣ್ಣನವರೂ ಬಿ. ಜಯಮ್ಮನವರೂ ಅಭಿನಯಿಸಿದ್ದರು.

ಮೂಕಿಚಿತ್ರಕ್ಕೆ ಭಾಷೆಯ ಗಡಿ ಇರಲಿಲ್ಲ. ನಡುನಡುವೆ ಬರುವ ಬರಹದ ಫಲಕಗಳನ್ನು ಬದಲಾಯಿಸಿದರೆ ಅದೇ ಚಿತ್ರವನ್ನು ಬೇರೆ ಪ್ರಾಂತಗಳಲ್ಲೂ ತೋರಿಸಬಹುದಾಗಿತ್ತು. ಸೂರ್ಯನ ಬೆಳಕಿನಲ್ಲಿ, ಬಯಲಿನಲ್ಲಿ, ಒಂದು ಕ್ಯಾಮೆರಾದಿಂದ ಚಿತ್ರೀಕರಣ ನಡೆಸಬಹುದಾಗಿದ್ದುದರಿಂದ ಸ್ಥಳೀಯ ಬಂಡವಾಳದಲ್ಲೇ ಚಿತ್ರ ತಯಾರಿಸುವುದು ಸಾಧ್ಯವಿತ್ತು. ಆದರೆ ಈ ಅನುಕೂಲ ಹೆಚ್ಚು ಕಾಲ ಉಳಿಯಲಿಲ್ಲ. 1931ರ ಮಾರ್ಚ್ ತಿಂಗಳಲ್ಲಿ ಮುಂಬಯಿಯಲ್ಲಿ ಭಾರತದ ಮೊದಲ ವಾಕ್ಚಿತ್ರ ಆಲಂ ಆರಾ ತೆರೆಕಂಡಿತು. ಅದೇ ವರ್ಷ ತಮಿಳು ಮತ್ತು ತೆಲುಗಿನ ಮಾತುಗಳೂ ತೆರೆಯ ಮೇಲೆ ಕೇಳಿಬಂದವು. ಮಾತಿನ ರುಚಿ ಹತ್ತಿದ ಪ್ರೇಕ್ಷಕರು ಮೂಕಿಚಿತ್ರಗಳಿಂದ ದೂರವಾದರು. ಮೂಕಿಚಿತ್ರಗಳಿಗೆಂದು ಹೂಡಿದ ಬಂಡವಾಳ, ಕಲಿತ ಕಸುಬು ಎರಡೂ ಕೆಲವೇ ವರ್ಷಗಳಲ್ಲಿ ಹಳೆಯದಾದವು. ವೀರಣ್ಣನವರ ಮೊದಲ ಚಿತ್ರಸಂಸ್ಥೆಯೂ ಹೆಚ್ಚು ದಿನ ನಡೆಯಲಿಲ್ಲ.

ಹರಿಮಾಯಾ ನಿರ್ದೇಶಿಸಿದ ವೈ. ವಿ. ರಾವ್ ಅವರೇ ಮುಂದೆ ಕನ್ನಡದ ಮೊದಲ ವಾಕ್ಚಿತ್ರ ಸತಿ ಸುಲೋಚನಾ (1934) ನಿರ್ದೇಶಿಸಿದರು. ಆ ಚಿತ್ರಕ್ಕೆ ಸಂಭಾಷಣೆ ಮತ್ತು ಹಾಡುಗಳನ್ನು ಬರೆದವರು ಬೆಳ್ಳಾವೆ ನರಹರಿಶಾಸ್ತ್ರಿಗಳು. ಅದರ ಚಿತ್ರೀಕರಣ ನಡೆದದ್ದು ಕೊಲ್ಹಾಪುರದಲ್ಲಿ. ಕನ್ನಡದ ಮೊದಲ ಮಾತಿನ ಚಿತ್ರವು ಕನ್ನಡನಾಡಿನ ಹೊರಗೆ ತಯಾರಾಗಬೇಕಾದುದು ಆ ಕಾಲದ ಪರಿಸ್ಥಿತಿಯನ್ನು ತಿಳಿಸುತ್ತದೆ.

ವಾಕ್ಚಿತ್ರಗಳು

ಕಂಪನಿಯ ಜನಪ್ರಿಯ ನಾಟಕ ಸದಾರಮೆಯು 1935ರಲ್ಲಿ ಚಲನಚಿತ್ರವಾಯಿತು. ರಾಜಾ ಚಂದ್ರಶೇಖರ್ ಇದರ ನಿರ್ದೇಶಕರು. ಕೆ. ಅಶ್ವತ್ಥಮ್ಮ ನಾಯಕಿಯಾಗಿದ್ದ ಈ ಚಿತ್ರದಲ್ಲಿ ವೀರಣ್ಣನವರು ಅಭಿನಯಿಸಿದರು. ಕನ್ನಡದ ಮೊದಲ ಕೆಲವು ವಾಕ್ಚಿತ್ರಗಳಲ್ಲಿ ಇದೂ ಒಂದು.

ಪಿ. ಪುಲ್ಲಯ್ಯ ನಿರ್ದೇಶಿಸಿದ ಸುಭದ್ರಾ 1941ರಲ್ಲಿ ತೆರೆಗೆ ಬಂದಿತು. ಬಿ. ಜಯಮ್ಮ ಮತ್ತು ಹೊನ್ನಪ್ಪ ಭಾಗವತರ್ ಇದರ ಪ್ರಮುಖ ಕಲಾವಿದರು. ಇಬ್ಬರೂ ಹಾಡಿ ನಟಿಸಬಲ್ಲವರಾಗಿದ್ದರು.

ಮರುವರ್ಷ ಬಂದ ಜೀವನ ನಾಟಕ (1942) ಬೇರೆ ಬಗೆಯ ಪ್ರಯತ್ನ. ಪೌರಾಣಿಕ ಕಥೆಗಳೇ ಹೆಚ್ಚಾಗಿದ್ದ ಕಾಲದಲ್ಲಿ ವೀರಣ್ಣನವರು ಸಾಮಾಜಿಕ ಕಥೆಯೊಂದನ್ನು ಆರಿಸಿಕೊಂಡರು. ಅದನ್ನು ಬರೆಯಲು ಕಾದಂಬರಿಕಾರ ಅ. ನ. ಕೃಷ್ಣರಾಯರನ್ನು ಆಹ್ವಾನಿಸಿದರು. ವಹಾಬ್ ಕಾಶ್ಮೀರಿ ನಿರ್ದೇಶಿಸಿದ ಈ ಚಿತ್ರದಲ್ಲಿ ಕೆಂಪರಾಜ ಅರಸು, ಶಾಂತಾ ಹುಬ್ಳೀಕರ್, ಬಿ. ಜಯಮ್ಮ ಮತ್ತು ವೀರಣ್ಣನವರು ನಟಿಸಿದರು. ಹುಬ್ಬಳ್ಳಿ ಸೀಮೆಯಿಂದ ಹೋಗಿ ಪ್ರಭಾತ್ ಸಂಸ್ಥೆಯ ಮರಾಠಿ ಚಿತ್ರ ಮಾಣೂಸ್ (1939) ಮೂಲಕ ಹೆಸರಾಗಿದ್ದ ಶಾಂತಾ ಹುಬ್ಳೀಕರ್ ಅವರು ಕನ್ನಡಕ್ಕೆ ಬಂದದ್ದು ಗಮನಾರ್ಹ. ಕನ್ನಡದ ಪ್ರಮುಖ ಸಾಹಿತಿಯೊಬ್ಬರ ಬರಹ ಸಿನಿಮಾಕ್ಕೆ ಒದಗಿದ ಆರಂಭದ ನಿದರ್ಶನಗಳಲ್ಲಿ ಈ ಚಿತ್ರ ಸೇರುತ್ತದೆ.

1946ರಲ್ಲಿ ಬಂದ ಹೇಮರೆಡ್ಡಿ ಮಲ್ಲಮ್ಮ ಚಿತ್ರದಲ್ಲಿ ಬಿ. ಜಯಮ್ಮನವರು ಮಲ್ಲಮ್ಮನ ಪಾತ್ರ ವಹಿಸಿದರು. ಶ್ರೀಶೈಲ ಮಲ್ಲಿಕಾರ್ಜುನನ ಭಕ್ತೆಯಾದ ಈ ಶರಣೆಯ ಕಥೆ ಕನ್ನಡನಾಡಿನ ಹಳ್ಳಿಹಳ್ಳಿಗೂ ಪರಿಚಿತವಾದುದು. ಆದ್ದರಿಂದ ಚಿತ್ರವು ಮೈಸೂರು ಸೀಮೆಯಲ್ಲಿಯಂತೆ ಉತ್ತರದ ಜಿಲ್ಲೆಗಳಲ್ಲಿಯೂ ಜನಪ್ರಿಯವಾಯಿತು.

1953ರ ಗುಣಸಾಗರಿ ಚಿತ್ರವನ್ನು ಮದರಾಸಿನ ಎ.ವಿ.ಎಂ. ಸಂಸ್ಥೆಯ ಸಹಯೋಗದಲ್ಲಿ ತಯಾರಿಸಲಾಯಿತು. ಎಚ್. ಎಲ್. ಎನ್. ಸಿಂಹ ಇದರ ನಿರ್ದೇಶಕರು. ಹೊನ್ನಪ್ಪ ಭಾಗವತರ್, ಪಂಡರಿಬಾಯಿ, ಬಿ. ಜಯಮ್ಮ ಮತ್ತು ವೀರಣ್ಣನವರು ಇದರಲ್ಲಿದ್ದರು. ಸತ್ಯ ಶೋಧನೈ ಎಂಬ ಹೆಸರಿನಲ್ಲಿ ಈ ಚಿತ್ರ ತಮಿಳಿನಲ್ಲೂ ಬಂದಿತು.

ಬೇಡರ ಕಣ್ಣಪ್ಪ

1954ರ ಮೇ ತಿಂಗಳಲ್ಲಿ ಬಿಡುಗಡೆಯಾದ ಬೇಡರ ಕಣ್ಣಪ್ಪ ವೀರಣ್ಣನವರ ಸಿನಿಮಾ ಜೀವನದ ಅತ್ಯಂತ ಮುಖ್ಯ ಚಿತ್ರ. ಶಿವನಿಗೆ ತನ್ನ ಕಣ್ಣುಗಳನ್ನೇ ಅರ್ಪಿಸಿದ ಬೇಡನ ಕಥೆಯಿದು. ಶಾಸ್ತ್ರವನ್ನು ಅರಿಯದ ಬೇಡನ ಮುಗ್ಧ ಭಕ್ತಿಯನ್ನೂ ದೇವಾಲಯದ ಅರ್ಚಕನ ಕಪಟವನ್ನೂ ಈ ಚಿತ್ರ ಎದುರುಬದುರಾಗಿ ನಿಲ್ಲಿಸುತ್ತದೆ. ಗುಬ್ಬಿ ಕರ್ನಾಟಕ ಪ್ರೊಡಕ್ಷನ್ಸ್ ಹೆಸರಿನಲ್ಲಿ, ಎ.ವಿ.ಎಂ. ಸಹಯೋಗದೊಂದಿಗೆ ತಯಾರಾದ ಇದನ್ನು ಎಚ್. ಎಲ್. ಎನ್. ಸಿಂಹ ನಿರ್ದೇಶಿಸಿದರು. ಆರ್. ಸುದರ್ಶನಂ ಸಂಗೀತ ನೀಡಿದರು.

ನಾಯಕನ ಪಾತ್ರಕ್ಕೆ ಆಯ್ಕೆಯಾದವರು ಮುತ್ತುರಾಜ್ ಎಂಬ ಯುವ ರಂಗನಟ. ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಗುಬ್ಬಿ ಕಂಪನಿಯ ನಟರಾಗಿದ್ದರು. ಬಾಲ್ಯದಲ್ಲಿ ಮುತ್ತುರಾಜರೂ ಅದೇ ಕಂಪನಿಯಲ್ಲಿ ಬಣ್ಣ ಹಚ್ಚಿದ್ದರು. ಈ ಚಿತ್ರದಿಂದ ಅವರು ರಾಜಕುಮಾರ್ ಎಂಬ ಹೊಸ ಹೆಸರನ್ನು ಪಡೆದರು. ಪಂಡರಿಬಾಯಿ ನಾಯಕಿಯಾಗಿದ್ದರು. ಅರ್ಚಕನ ಪಾತ್ರದಲ್ಲಿ ಜಿ. ವಿ. ಅಯ್ಯರ್ ನಟಿಸಿದರು. ತಿಪಟೂರಿನ ನರಸಿಂಹರಾಜು ಅವರಿಗೆ ಹಾಸ್ಯನಟನಾಗಿ ಚಿತ್ರರಂಗದ ಬಾಗಿಲು ತೆರೆದದ್ದೂ ಇದೇ ಚಿತ್ರ.

ಬೇಡರ ಕಣ್ಣಪ್ಪ ಭಾರಿ ಯಶಸ್ಸನ್ನು ಕಂಡಿತು. 1954ನೆಯ ಸಾಲಿನ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಇದಕ್ಕೆ ಅರ್ಹತಾ ಪತ್ರ ದೊರೆಯಿತು. ತೆಲುಗಿನಲ್ಲಿ ಇದು ಕಾಳಹಸ್ತಿ ಮಹಾತ್ಮ್ಯಂ ಎಂಬ ಹೆಸರಿನಲ್ಲಿ ತಯಾರಾಯಿತು. ಅದರಲ್ಲಿಯೂ ರಾಜಕುಮಾರ್ ಅವರೇ ನಾಯಕರು. ಮುಂದೆ ಹಿಂದಿಯಲ್ಲಿ ಶಿವಭಕ್ತ (1955) ಎಂಬ ಹೆಸರಿನಲ್ಲಿ ಬಂದಿತು. ಊರೂರು ತಿರುಗುವ ನಾಟಕ ಕಂಪನಿಗಳಲ್ಲಿ ಪಳಗಿದ ಕಲಾವಿದರ ಚಿತ್ರವೊಂದು ಹೀಗೆ ಮೂರು ಭಾಷೆಗಳ ಪ್ರೇಕ್ಷಕರನ್ನು ತಲುಪಿತು.

ಸ್ವಂತ ನೆಲದಲ್ಲಿ ಚಿತ್ರನಿರ್ಮಾಣದ ತೊಡಕುಗಳು

ವೀರಣ್ಣನವರ ಸಿನಿಮಾ ಪ್ರಯತ್ನಗಳನ್ನು ಅಂದಿನ ಪರಿಸ್ಥಿತಿಯ ಹಿನ್ನೆಲೆಯಲ್ಲಿ ನೋಡಬೇಕಾಗುತ್ತದೆ. ವಾಕ್ಚಿತ್ರಕ್ಕೆ ಧ್ವನಿಮುದ್ರಣ ಯಂತ್ರಗಳು, ಹೊರಗಿನ ಸದ್ದು ಒಳಬಾರದ ಸ್ಟುಡಿಯೋ, ಪ್ರಬಲವಾದ ವಿದ್ಯುದ್ದೀಪಗಳು ಮತ್ತು ಫಿಲ್ಮ್ ಸಂಸ್ಕರಣಾಲಯ ಅಗತ್ಯವಾಗಿದ್ದವು. ಇವು ಮುಂಬಯಿ, ಪುಣೆ, ಕೊಲ್ಹಾಪುರ, ಕೊಯಮತ್ತೂರು ಮತ್ತು ಮದರಾಸುಗಳಲ್ಲಿ ಇದ್ದವು. ಮೈಸೂರು ಸಂಸ್ಥಾನದಲ್ಲಿ ಇಂಥ ಅನುಕೂಲಗಳು ತಡವಾಗಿ ಬಂದವು. ಮೈಸೂರಿನ ನವಜ್ಯೋತಿ ಸ್ಟುಡಿಯೋ 1940ರ ದಶಕದಲ್ಲಿ ಆರಂಭವಾಯಿತು. ಪ್ರೀಮಿಯರ್ ಸ್ಟುಡಿಯೋ ಅದರ ನಂತರದ್ದು. ಆದ್ದರಿಂದ ಕನ್ನಡ ಚಿತ್ರ ತೆಗೆಯಬೇಕೆಂಬ ನಿರ್ಮಾಪಕನು ಕಲಾವಿದರನ್ನೆಲ್ಲ ಕರೆದುಕೊಂಡು ಹೊರಪ್ರಾಂತಕ್ಕೆ ಹೋಗಬೇಕಿತ್ತು. ಅಲ್ಲಿ ಸ್ಟುಡಿಯೋ ಬಾಡಿಗೆ ತೆತ್ತು, ಕನ್ನಡ ಬಾರದ ತಂತ್ರಜ್ಞರೊಡನೆ ಕೆಲಸ ಮಾಡಬೇಕಿತ್ತು.

ಮಾರುಕಟ್ಟೆಯ ಕಷ್ಟವೂ ಕಡಿಮೆಯದಲ್ಲ. 1956ರ ನವೆಂಬರ್ 1ರಂದು ಏಕೀಕರಣವಾಗುವವರೆಗೆ ಕನ್ನಡಿಗರು ಮೈಸೂರು ಸಂಸ್ಥಾನ, ಮುಂಬಯಿ ಪ್ರಾಂತ, ಮದರಾಸು ಪ್ರಾಂತ, ಹೈದರಾಬಾದ್ ಸಂಸ್ಥಾನ ಮತ್ತು ಕೊಡಗು ಎಂದು ಹಂಚಿಹೋಗಿದ್ದರು. ಉತ್ತರದ ಚಿತ್ರಮಂದಿರಗಳಲ್ಲಿ ಮರಾಠಿ ಮತ್ತು ಹಿಂದಿ ಚಿತ್ರಗಳ ಪೈಪೋಟಿ, ದಕ್ಷಿಣದಲ್ಲಿ ತಮಿಳು ಮತ್ತು ತೆಲುಗು ಚಿತ್ರಗಳ ಪೈಪೋಟಿ. ಹೀಗಾಗಿ ಕನ್ನಡ ಚಿತ್ರಕ್ಕೆ ಹಾಕಿದ ಹಣ ಹಿಂದಿರುಗುವ ಭರವಸೆ ಇರಲಿಲ್ಲ. 1930ರ ದಶಕದಲ್ಲಿ ಕನ್ನಡದಲ್ಲಿ ಬೆರಳೆಣಿಕೆಯಷ್ಟು ಚಿತ್ರಗಳು ಮಾತ್ರ ತಯಾರಾದುದಕ್ಕೆ ಇದೇ ಮುಖ್ಯ ಕಾರಣ.

ಇಂಥ ಸ್ಥಿತಿಯಲ್ಲಿ ವೀರಣ್ಣನವರಿಗೆ ಒದಗಿ ಬಂದ ಬಲ ಅವರ ನಾಟಕ ಕಂಪನಿ. ಕಥೆ ರಂಗದ ಮೇಲೆ ನೂರಾರು ಸಲ ಪರೀಕ್ಷೆಗೆ ಒಳಗಾಗಿರುತ್ತಿತ್ತು. ಮಾತು ಮತ್ತು ಹಾಡು ನಟರಿಗೆ ಕಂಠಪಾಠವಾಗಿರುತ್ತಿದ್ದವು. ಉಡುಪು, ಆಭರಣ, ವಾದ್ಯಗಾರರು ಮನೆಯಲ್ಲೇ ಇದ್ದರು. ಚಿತ್ರವೊಂದು ಸೋತರೂ ಮರುದಿನ ಮತ್ತೊಂದು ಊರಿನಲ್ಲಿ ನಾಟಕವಾಡಿ ಸಂಪಾದಿಸುವ ದಾರಿ ಇತ್ತು. ಚಿತ್ರೋದ್ಯಮವೆಂಬುದು ಇನ್ನೂ ಬೇರೂರದ ನಾಡಿನಲ್ಲಿ ನಾಟಕದ ಟಿಕೆಟ್ ಹಣವೇ ಸಿನಿಮಾಕ್ಕೆ ಬಂಡವಾಳವಾಯಿತು.

ಆದರೆ ಈ ಸ್ವಾತಂತ್ರ್ಯಕ್ಕೆ ಮಿತಿ ಇತ್ತು. ಗುಬ್ಬಿಯ ಹೆಸರನ್ನು ಹೊತ್ತ ವಾಕ್ಚಿತ್ರಗಳಿಗೆ ಗುಬ್ಬಿಯಲ್ಲಿ ಸ್ಟುಡಿಯೋ ಇರಲಿಲ್ಲ. 1950ರ ದಶಕದ ದೊಡ್ಡ ಚಿತ್ರಗಳಿಗೆ ಮದರಾಸಿನ ಸ್ಟುಡಿಯೋ ಸಂಸ್ಥೆಯ ಸಹಯೋಗ ಅನಿವಾರ್ಯವಾಯಿತು. ಸಿನಿಮಾ ಬೆಳೆದಂತೆಲ್ಲ ನುರಿತ ನಟರು ಕಂಪನಿಯನ್ನು ಬಿಟ್ಟು ಮದರಾಸಿಗೆ ತೆರಳಿದರು. ಕಂಪನಿಯು ಪೋಷಿಸಿದ ಕಲೆಯೇ ಕಂಪನಿಯ ಪ್ರೇಕ್ಷಕರನ್ನು ಸೆಳೆದುಕೊಂಡಿತು. ವೀರಣ್ಣನವರು ಇದನ್ನು ಕಂಡೂ ಸಿನಿಮಾವನ್ನು ದೂರ ಮಾಡಲಿಲ್ಲ, ನಾಟಕವನ್ನೂ ಬಿಡಲಿಲ್ಲ.

ಶಿಷ್ಯ ಪರಂಪರೆ

ಕನ್ನಡ ಚಿತ್ರರಂಗದ ಮೊದಲ ತಲೆಮಾರಿನ ಅನೇಕ ಕಲಾವಿದರು ಗುಬ್ಬಿ ಕಂಪನಿಯಲ್ಲಿ ತರಬೇತಿ ಪಡೆದವರು. ರಾಜಕುಮಾರ್, ಹೊನ್ನಪ್ಪ ಭಾಗವತರ್, ಬಿ. ಜಯಮ್ಮ, ಜಿ. ವಿ. ಅಯ್ಯರ್, ನರಸಿಂಹರಾಜು ಅವರಲ್ಲಿ ಪ್ರಮುಖರು.

ನಂಜನಗೂಡಿನ ಜಿ. ವಿ. ಅಯ್ಯರ್ ಬಾಲಕನಾಗಿದ್ದಾಗಲೇ ಕಂಪನಿ ಸೇರಿದರು. ಕನ್ನಡ ಚಿತ್ರರಂಗವು ಸಂಕಷ್ಟದಲ್ಲಿದ್ದ ಕಾಲದಲ್ಲಿ ರಾಜಕುಮಾರ್, ಬಾಲಕೃಷ್ಣ, ನರಸಿಂಹರಾಜು ಮತ್ತು ಅಯ್ಯರ್ ಒಟ್ಟುಗೂಡಿ ನಾಟಕಗಳನ್ನು ಆಡಿದರು. ಬಳಿಕ ತಾವೇ ನಿರ್ಮಾಪಕರಾಗಿ ರಣಧೀರ ಕಂಠೀರವ (1960) ಚಿತ್ರವನ್ನು ತೆರೆಗೆ ತಂದರು. ನಾಟಕದ ಆದಾಯವನ್ನು ನಂಬಿ ನಟರೇ ಚಿತ್ರ ತೆಗೆಯುವ ಈ ಕ್ರಮವು ವೀರಣ್ಣನವರ ದಾರಿಯನ್ನೇ ನೆನಪಿಗೆ ತರುತ್ತದೆ. ಮುಂದೆ ಅಯ್ಯರ್ ಅವರು ಹಂಸಗೀತೆ (1975) ಮತ್ತು ಸಂಸ್ಕೃತ ಭಾಷೆಯ ಮೊದಲ ಕಥಾಚಿತ್ರ ಆದಿ ಶಂಕರಾಚಾರ್ಯ (1983) ನಿರ್ದೇಶಿಸಿದರು.

ಬಿ. ವಿ. ಕಾರಂತರು ಹುಡುಗನಾಗಿದ್ದಾಗ ಮನೆ ಬಿಟ್ಟು ಬಂದು ಗುಬ್ಬಿ ಕಂಪನಿ ಸೇರಿದವರು. ಅವರ ಪ್ರತಿಭೆಯನ್ನು ಗುರುತಿಸಿದ ವೀರಣ್ಣನವರು ಉನ್ನತ ವ್ಯಾಸಂಗಕ್ಕಾಗಿ ಅವರನ್ನು ಕಾಶಿಗೆ ಕಳುಹಿಸಿದರು. ಕಾರಂತರು ಅಲ್ಲಿ ಹಿಂದಿಯಲ್ಲಿ ಎಂ.ಎ. ಪದವಿ ಪಡೆದು, ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು, ಮುಂದೆ ಅದರ ನಿರ್ದೇಶಕರೂ ಆದರು. 1975ರಲ್ಲಿ ಅವರು ನಿರ್ದೇಶಿಸಿದ ಚೋಮನ ದುಡಿ ಚಿತ್ರಕ್ಕೆ ರಾಷ್ಟ್ರಪತಿಗಳ ಸ್ವರ್ಣಕಮಲ ದೊರೆಯಿತು. ಮೈಸೂರಿನ ರಂಗಾಯಣದ ಸ್ಥಾಪಕ ನಿರ್ದೇಶಕರೂ ಅವರೇ. ಸಿನಿಮಾ ತಾರೆಯರನ್ನು ಕೊಟ್ಟ ಕಂಪನಿಯೇ, ಆ ಮುಖ್ಯವಾಹಿನಿಗೆ ಹೊರತಾದ ಹೊಸ ಅಲೆಯ ಚಿತ್ರಗಳಿಗೂ ಇಬ್ಬರು ನಿರ್ದೇಶಕರನ್ನು ಕೊಟ್ಟಿತು.

ಕುಟುಂಬ

ವೀರಣ್ಣನವರ ಪತ್ನಿ ಬಿ. ಜಯಮ್ಮ (1915 – 1988) ಖ್ಯಾತ ಗಾಯಕ ನಟಿ. ಕನ್ನಡ ಚಿತ್ರಗಳಲ್ಲದೆ ಬಿ. ಎನ್. ರೆಡ್ಡಿ ನಿರ್ದೇಶನದ ತೆಲುಗು ಚಿತ್ರ ಸ್ವರ್ಗಸೀಮ (1945) ಮೊದಲಾದ ಹೊರಭಾಷೆಯ ಚಿತ್ರಗಳಲ್ಲಿಯೂ ಅವರು ನಟಿಸಿದ್ದಾರೆ. ಸುಂದರಮ್ಮ ಮತ್ತು ಭದ್ರಮ್ಮ ಅವರೂ ವೀರಣ್ಣನವರ ಪತ್ನಿಯರು, ಕಂಪನಿಯ ಕಲಾವಿದೆಯರು. ಮಗಳು ಜಿ. ವಿ. ಮಾಲತಮ್ಮ ರಂಗನಟಿಯಾಗಿದ್ದರು. ಮಾಲತಮ್ಮನವರ ಮಗಳು ಬಿ. ಜಯಶ್ರೀ ಆಧುನಿಕ ಕನ್ನಡ ರಂಗಭೂಮಿಯ ಪ್ರಮುಖ ನಟಿ ಮತ್ತು ನಿರ್ದೇಶಕಿ. ತಾತನ ಕಂಪನಿಯ ಸದಾರಮೆ ನಾಟಕವನ್ನು ಅವರು ಹೊಸ ಕಾಲದ ಪ್ರೇಕ್ಷಕರಿಗಾಗಿ ಮತ್ತೆ ರಂಗಕ್ಕೆ ತಂದರು. 2010ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು, 2013ರಲ್ಲಿ ಪದ್ಮಶ್ರೀ ಪಡೆದರು.

ಪ್ರಶಸ್ತಿ, ಗೌರವಗಳು ಮತ್ತು ನಿಧನ

ಮೈಸೂರಿನ ಮಹಾರಾಜರು ವೀರಣ್ಣನವರಿಗೆ ನಾಟಕರತ್ನ ಎಂಬ ಬಿರುದನ್ನಿತ್ತು ಗೌರವಿಸಿದರು. 1955ರಲ್ಲಿ ಅಭಿನಯಕ್ಕಾಗಿ ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ ಬಂದಿತು. 1972ರಲ್ಲಿ ಭಾರತ ಸರ್ಕಾರ ಪದ್ಮಶ್ರೀ ನೀಡಿತು. ಅದೇ ವರ್ಷದ ಅಕ್ಟೋಬರ್ 18ರಂದು ಅವರು ನಿಧನರಾದರು. ಅವರ ಆತ್ಮಕಥೆಯ ಹೆಸರು ಕಲೆಯೇ ಕಾಯಕ. ಕಂಪನಿ ನಾಟಕಗಳ ಕಾಲದ ಜೀವನವನ್ನು ತಿಳಿಯಬಯಸುವವರಿಗೆ ಅದು ಉಪಯುಕ್ತ ಗ್ರಂಥ.

ಸ್ಮರಣೆ

ರಂಗಭೂಮಿಯಲ್ಲಿ ಗಣನೀಯ ಸೇವೆ ಸಲ್ಲಿಸಿದವರಿಗೆ ಕರ್ನಾಟಕ ಸರ್ಕಾರ ಗುಬ್ಬಿ ವೀರಣ್ಣ ಪ್ರಶಸ್ತಿಯನ್ನು ನೀಡುತ್ತದೆ. ತುಮಕೂರು ನಗರದ ರಂಗಮಂದಿರಕ್ಕೆ ಗುಬ್ಬಿ ವೀರಣ್ಣ ಕಲಾಕ್ಷೇತ್ರ ಎಂದು ಹೆಸರಿಡಲಾಗಿದೆ.

ವೀರಣ್ಣನವರ ಕಾಲದಲ್ಲಿ ಸ್ವಂತ ಊರಿನ ಜನರನ್ನು ಕೂಡಿಸಿ ಸಿನಿಮಾ ತೆಗೆಯುವುದಕ್ಕೆ ಯಂತ್ರ, ಸ್ಟುಡಿಯೋ, ಹಂಚಿಕೆ ಎಲ್ಲವೂ ಅಡ್ಡಿಯಾಗಿದ್ದವು. ಅವರು ಈ ಅಡ್ಡಿಗಳನ್ನು ಪೂರ್ಣವಾಗಿ ನಿವಾರಿಸಿದರೆಂದು ಹೇಳಲಾಗದು. ಆದರೆ ಕಥೆ, ಭಾಷೆ ಮತ್ತು ಕಲಾವಿದರು ತಮ್ಮ ಸೀಮೆಯವರಾಗಿರುವಂತೆ ನೋಡಿಕೊಂಡರು. ಕ್ಯಾಮೆರಾ ಎಲ್ಲಿಯದೇ ಆಗಿದ್ದರೂ ಚಿತ್ರದ ಹೆಸರಿನ ಜೊತೆ ತಮ್ಮ ಊರಿನ ಹೆಸರನ್ನು ಬಿಡಲಿಲ್ಲ. ಕನ್ನಡ ಚಿತ್ರರಂಗಕ್ಕೆ ಸ್ವಂತ ಸ್ಟುಡಿಯೋಗಳು ಬರುವ ಮೊದಲೇ ಸ್ವಂತ ನಟವರ್ಗ ಸಿದ್ಧವಾಗಿತ್ತು. ಅದನ್ನು ಸಿದ್ಧಪಡಿಸಿದ ಮನೆಗಳಲ್ಲಿ ಗುಬ್ಬಿ ಕಂಪನಿಯು ಮುಖ್ಯವಾದುದು.

ಪ್ರಮುಖ ಚಲನಚಿತ್ರಗಳು

- ಹಿಸ್ ಲವ್ ಅಫೇರ್ (1931, ಮೂಕಿಚಿತ್ರ)
- ಹರಿಮಾಯಾ (1932, ಮೂಕಿಚಿತ್ರ)
- ಸದಾರಮೆ (1935)
- ಸುಭದ್ರಾ (1941)
- ಜೀವನ ನಾಟಕ (1942)
- ಹೇಮರೆಡ್ಡಿ ಮಲ್ಲಮ್ಮ (1946)
- ಗುಣಸಾಗರಿ (1953)
- ಬೇಡರ ಕಣ್ಣಪ್ಪ (1954)